ಗೋಪುರದ ಬುಡ

ಹವ್ಯಾಸಿ ರೇಡಿಯೊದ ಗೋಪುರವನ್ನು ಕಂಡವರೆಲ್ಲ ಅದರ ಎತ್ತರಕ್ಕೆ ಅಂಜುತ್ತಾರೆ. ಹಾವೇರಿ, ರಾಣೇಬೆನ್ನೂರು, ಬ್ಯಾಡಗಿಗಳ ಸೀಮೆಯಲ್ಲಿ ಮೊದಲು ಅಂಜಬೇಕಾದುದು ನೆಲಕ್ಕೆ. ಇಲ್ಲಿ ಮಸಾರಿಯೂ ಉಂಟು, ಎರೆಯೂ ಉಂಟು, ತೊಡಕಿರುವುದು ಎರೆಯಲ್ಲಿ. ಹತ್ತಿಗೆ ತಾಯಿಯಾದ ಈ ಮಣ್ಣು ಮಳೆಗೆ ಉಬ್ಬಿ, ಬೇಸಗೆಗೆ ಕುಗ್ಗಿ ಬಿರಿಯುತ್ತದೆ. ತೆಳುಗೋಪುರವನ್ನು ನೆಟ್ಟಗೆ ನಿಲ್ಲಿಸುವವು ಮೂರು ದಿಕ್ಕಿಗೆ ಎಳೆದ ಆಧಾರತಂತಿಗಳು. ಆ ತಂತಿಗಳನ್ನು ಹಿಡಿದವು ನೆಲದಲ್ಲಿ ಹೂತ ಗೂಟಗಳು. ಗೂಟ ಮೆಲ್ಲಗೆ ಸಡಿಲವಾಗುವುದು ಮೇಲೆ ನೋಡುವವನ ಕಣ್ಣಿಗೆ ಬೀಳದು.

ಬಲ್ಲವನು ಅಡ್ಡಮಳೆಗೆ ಮೊದಲೇ, ಗಾಳಿಯಿಲ್ಲದ ಬೆಳಗಿನಲ್ಲಿ, ಗೂಟದ ಬದಿಯ ಮಣ್ಣು ಕೆದರಿ ಬಿರುಕನ್ನೂ ತುಕ್ಕನ್ನೂ ನೋಡುತ್ತಾನೆ. ಗೋಪುರ ಉರುಳಿದರೂ ವಿದ್ಯುತ್ ತಂತಿಗೆ ತಾಗದೆಂಬುದನ್ನು ಅಳೆದು ತಿಳಿಯುತ್ತಾನೆ. ಪ್ರೇಷಕಯಂತ್ರವನ್ನು ನಿಲ್ಲಿಸಿದ ಮೇಲೆಯೇ ಏರುತ್ತಾನೆ. ಸೊಂಟಪಟ್ಟಿಯೊಂದನ್ನೇ ನಂಬುವ ಕಾಲ ಹೋಯಿತು. ಹೆಗಲು ತೊಡೆಗಳನ್ನೂ ಬಳಸುವ ಪಟ್ಟಿ ಬೇಕು, ಎರಡು ಕೊಂಡಿಹಗ್ಗ ಬೇಕು. ಒಂದನ್ನು ಮೇಲೆ ಸಿಕ್ಕಿಸದೆ ಇನ್ನೊಂದನ್ನು ಬಿಡಿಸುವಂತಿಲ್ಲ. ಒಂದು ಬೋಲ್ಟಿಗೆ ಇಷ್ಟೆಲ್ಲವೇ ಎಂದು ನಗುವವರಿದ್ದಾರೆ, ನಗಲಿ. ಸಂಗಡಿಗನು ಬುಡದಿಂದ ದೂರ ನಿಂತು ಸಲಕರಣೆಗಳನ್ನು ಹಗ್ಗದಲ್ಲಿ ಕಳಿಸುತ್ತಾನೆ. ಮೇಲೆ ಮನುಷ್ಯನಿರುವಾಗ ಆಧಾರತಂತಿಯನ್ನು ಯಾರೂ ಸಡಿಲಿಸಕೂಡದು.

ಗೂಟ ಅಲುಗಿದ್ದು ಕಂಡರೆ ಅಂದು ಏರುವ ಮಾತೇ ಇಲ್ಲ. ಆಳವಾದ ಎರೆಯಲ್ಲಿ ಉಬ್ಬರವು ಸುಮಾರು 3.5 ಮೀಟರಿನವರೆಗೂ ಇಳಿಯುವುದುಂಟು. ಇಂಥ ನೆಲಕ್ಕೆಂದೇ ರೂರ್ಕಿಯ ಕೇಂದ್ರ ಕಟ್ಟಡ ಸಂಶೋಧನಾ ಸಂಸ್ಥೆಯು ಬುಡದಲ್ಲಿ ಉಬ್ಬುಳ್ಳ ಕಾಂಕ್ರೀಟು ಕಂಬವನ್ನು ಬಳಕೆಗೆ ತಂದಿತು. ತಾತ್ಕಾಲಿಕ ಆಧಾರ ಕಟ್ಟಿ, ಆಳಕ್ಕೆ ತೋಡಿ ಹೊಸ ಗೂಟ ಹೂಳಿ, ಕಾಂಕ್ರೀಟು ಬಲಿಯುವವರೆಗೆ ಕೆಲವು ವಾರ ಕಾಯಬೇಕು. ಅಷ್ಟು ದಿನ ಅವನ ರೇಡಿಯೊ ಮೂಕವಾಗಿರುತ್ತದೆ.