ಓದಿ ಕೇಳಿಸಿ ಸರ್



"ಪೊಲೀಸರಿಗೆ ಮಾನವ ಹಕ್ಕು ಹೇಳಿಕೊಡೋದಾ? ಗೋರ್ಕಲ್ಲ ಮೇಲೆ ಮಳೆ ಸುರಿದಂಗೆ, ಬಿಡಣ್ಣ" ಅಂತ ನಮ್ಮ ಹುಡುಗರು ನಗ್ತಾರೆ. ಆದರೂ ತರಬೇತಿಗೆ ಕರೆದಾಗಲೆಲ್ಲ ಹೋಗ್ತೀನಿ. ನಮ್ಮ ಎಷ್ಟೋ ಕೇಸುಗಳು ಕೋರ್ಟಿನ ಮೆಟ್ಟಿಲು ಹತ್ತೋ ಮುಂಚೆ ಠಾಣೆಯ ಮೇಜಿನ ಮೇಲೇ ಸಾಯ್ತವೆ. 2000ದಲ್ಲಿ ಕಂಬಾಲಪಲ್ಲಿಯಲ್ಲಿ ಏಳು ಜನ ದಲಿತರನ್ನು ಸುಟ್ಟರು. 2006ರಲ್ಲಿ ಆರೋಪಿಗಳೆಲ್ಲ ಖುಲಾಸೆ. ಸಾಕ್ಷಿಗಳು ತಿರುಗಿಬಿದ್ದರು ಅಂತ ಎಲ್ಲರೂ ಹೇಳ್ತಾರೆ. ಆ ಸಾಕ್ಷಿಗಳ ಬೆನ್ನಿಗೆ ಯಾರು ನಿಂತಿದ್ದರು ಅಂತ ಎಷ್ಟು ಜನ ಕೇಳಿದ್ದಾರೆ?

ಈ ತರಬೇತಿಗಳ ರೀತಿ ನಿಮಗೂ ಗೊತ್ತು. ಬಾಬಾಸಾಹೇಬರ ಫೋಟೋಗೆ ಹಾರ, ಸಾಹೇಬರ ಭಾಷಣ, ವಿಶ್ವಸಂಸ್ಥೆಯ 1948ರ ಘೋಷಣೆ ಬಗ್ಗೆ ಒಂದು ಸ್ಲೈಡು, ಊಟ. ಹಿಂದಿನ ಸಾಲಲ್ಲಿ ರಾತ್ರಿ ಬಂದೋಬಸ್ತ್ ಮುಗಿಸಿ ಬಂದ ಕಾನ್ಸ್‌ಟೇಬಲ್‌ಗಳು ತೂಕಡಿಸ್ತಿರ್ತಾರೆ. ಅವರನ್ನೇನು ಬಯ್ಯೋದು.

ನಾನು ಅಟ್ರಾಸಿಟಿ ಕಾಯ್ದೆಯ 4ನೇ ಸೆಕ್ಷನ್ ತೆಗೆದು ಅವರಿಂದಲೇ ಓದಿಸ್ತೀನಿ. ಬಾಯಲ್ಲಿ ಹೇಳಿದ ದೂರನ್ನು ಬರೆದುಕೊಂಡು, ಹೇಳಿದವರಿಗೆ ಓದಿ ಕೇಳಿಸಿ, ಆಮೇಲೆ ಸಹಿ ಹಾಕಿಸಬೇಕು. ಪ್ರತಿಯನ್ನು ಕೂಡಲೇ ಕೊಡಬೇಕು. ಪರಿಶಿಷ್ಟರಲ್ಲದ ಅಧಿಕಾರಿ ಬೇಕಂತಲೇ ಇದನ್ನು ಮಾಡದಿದ್ದರೆ ಆರು ತಿಂಗಳಿಂದ ಒಂದು ವರ್ಷ ಜೈಲು. 2016ರ ಜನವರಿ 26ರಿಂದ ಇದು ಹೀಗೇ ಇದೆ. 'ಜೈಲು' ಅನ್ನೋ ಪದ ಬಂದ ಕೂಡಲೇ ಹಿಂದಿನ ಸಾಲು ಎದ್ದು ಕೂರುತ್ತೆ. (ಇಲಾಖಾ ವಿಚಾರಣೆಯ ಶಿಫಾರಸು ಬಂದರಷ್ಟೇ ಕೇಸು ಅನ್ನೋ ಕಂಡೀಷನ್ನೂ ಅಲ್ಲೇ ಇದೆ. ಕಳ್ಳಕಿಂಡಿ ಅಂದ್ರೆ ಇದೇ.)

"ಸುಳ್ಳು ಕೇಸುಗಳ ಬಗ್ಗೆ ಏನಂತೀರಿ ಸರ್?" ಪ್ರತಿ ಸಲ ಯಾರಾದರೂ ಪಿಎಸ್‌ಐ ಕೇಳೇ ಕೇಳ್ತಾರೆ. ಸುಳ್ಳೋ ನಿಜವೋ ಅಂತ ನೋಡೋಕೆ ತನಿಖೆ ಇದೆ ಸಾರ್, ನಿಯಮದ ಪ್ರಕಾರ ಅದನ್ನ ಡಿವೈಎಸ್‌ಪಿ ಮಾಡಬೇಕು, ನೀವು ಮೊದಲು ಬರ್ಕೊಳ್ಳಿ ಅಂತೀನಿ. 2018ರಲ್ಲಿ ಸೇರಿಸಿದ 18ಎ ಪ್ರಕಾರ ಎಫ್‌ಐಆರ್‌ಗೆ ಮುಂಚೆ ಪ್ರಾಥಮಿಕ ವಿಚಾರಣೆ ಬೇಕಿಲ್ಲ.

ಹೋದ ಸಲ ಟೀ ಹೊತ್ತಲ್ಲಿ ನಮ್ಮ ಕೇರಿಯ ಕಡೆಯವನೇ ಒಬ್ಬ ಕಾನ್ಸ್‌ಟೇಬಲ್ ಪಕ್ಕಕ್ಕೆ ಕರೆದ. "ಅಣ್ಣಾ, ನಮ್ಮೋರು ದೂರು ತಂದ್ರೆ 'ನಿಮ್ಮೋರಲ್ವೇನೋ, ರಾಜಿ ಮಾಡಿಸು' ಅಂತ ನನ್ನೇ ಕಳಿಸ್ತಾರೆ. ಆಗಲ್ಲ ಅಂದ್ರೆ ಮಾರನೇ ದಿನದಿಂದ ಬರೀ ನೈಟ್ ಡ್ಯೂಟಿ. ದೂರು ಬರ್ಕೊಳ್ದೆ ರಾಜಿಗೆ ಕಳಿಸೋದೂ ಈ ಸೆಕ್ಷನ್‌ಗೆ ಬರುತ್ತಾ?"

ಬರುತ್ತೆ ಅಂದೆ. ಆ ಪುಟದ ಫೋಟೋ ಹೊಡ್ಕೊಂಡ.

ನೀವೂ ಆ ಪುಟ ಫೋನಲ್ಲಿ ಇಟ್ಕೊಳ್ಳಿ. ದೂರು ಕೊಟ್ಟಾಗ "ಬರೆದಿದ್ದನ್ನ ಓದಿ ಕೇಳಿಸಿ ಸರ್" ಅಂತ ಕೇಳಿ. ಪ್ರತಿ ಕೈಗೆ ಬರೋವರೆಗೂ ಠಾಣೆಯಿಂದ ಏಳಬೇಡಿ.