ಮೇಲಿನ ಹೋಸ್ ಸುಡುತ್ತಿತ್ತು, ಕೆಳಗಿನದು ತಣ್ಣಗಿತ್ತು

ಅನಮೋಡ ಘಾಟಿ ಹತ್ತಿ ಕ್ಯಾಸಲ್‌ರಾಕ್‌ಗೆ ಬರುವಷ್ಟರಲ್ಲಿ ನಮ್ಮ ಹಳೇ ಜೀಪಿನ ಟೆಂಪರೇಚರ್ ಮುಳ್ಳು ಕೆಂಪಿಗೆ ಹೋಗಿತ್ತು. ಹೊರಗೆ ಜಿಟಿಜಿಟಿ ಮಳೆ, ಬಾನೆಟ್ ಅಡಿಯಲ್ಲಿ ಹಬೆ. ರೇಡಿಯೇಟರ್ ಮುಚ್ಚಳ ಮುಟ್ಟಲಿಲ್ಲ. ಒತ್ತಡದಲ್ಲಿರುವ ಆ ನೀರು 100 ಡಿಗ್ರಿ ದಾಟಿಯೂ ಕುದಿಯದೆ ಕೂತಿರುತ್ತದೆ, ಮುಚ್ಚಳ ಸಡಿಲಿಸಿದ ಕ್ಷಣ ಮುಖಕ್ಕೇ ಚಿಮ್ಮುತ್ತದೆ. ದಯವಿಟ್ಟು ಯಾರೂ ಅವಸರಪಡಬೇಡಿ.

ಫ್ಯಾನ್ ಬೆಲ್ಟ್ ಬಿಗಿಯಾಗಿತ್ತು. ಹೋಸ್‌ಗಳ ಹತ್ತಿರ ಕೈ ಹಿಡಿದರೆ ಮೇಲಿನದು ಸುಡುತ್ತಿದೆ, ಕೆಳಗಿನದು ತಣ್ಣಗಿದೆ. ಥರ್ಮೋಸ್ಟಾಟ್ ಮುಚ್ಚಿಕೊಂಡೇ ಅಂಟಿದ್ದರೆ ಮೇಲಿನದೂ ಇಷ್ಟು ಕಾಯುತ್ತಿರಲಿಲ್ಲ. ಡಿಪ್‌ಸ್ಟಿಕ್ ಎಳೆದು ನೋಡಿದೆ, ಆಯಿಲ್ ಹಾಲಿನಂತೆ ಬಿಳುಪಾಗಿರಲಿಲ್ಲ. ಹೆಡ್ ಗ್ಯಾಸ್ಕೆಟ್ ಹೋಗಿದೆಯೇನೋ ಎಂಬ ಭಯ ಸ್ವಲ್ಪ ಇಳಿಯಿತು. ಸಮತಟ್ಟಿನಲ್ಲಿ ಏನೂ ತೊಂದರೆಯಿಲ್ಲ, ಏರಿನಲ್ಲಿ ಮಾತ್ರ ಕಾಯುತ್ತದೆ ಅಂದರೆ ರೇಡಿಯೇಟರ್ ಒಳಗೇ ಕಟ್ಟಿಕೊಂಡಿರಬೇಕು. ವರ್ಷಗಟ್ಟಲೆ ಬೋರ್‌ವೆಲ್ಲಿನ ಗಡಸು ನೀರು ಸುರಿದವನು ನಾನೇ.

ತಣಿಯಲೆಂದು ಕಾಯುತ್ತಿರುವಾಗ ಗೂಡ್ಸ್ ಗಾಡಿಯ ಸದ್ದು ಕೇಳಿಸಿತು. ಕ್ಯಾಸಲ್‌ರಾಕ್‌ಗೆ ಬರುವ ರೈಲು ಘಾಟಿಯ ಹಳಿ 37 ಅಡಿಗೆ 1 ಅಡಿ ಏರುತ್ತದೆ. ಭಾರದ ಗಾಡಿಗಳನ್ನು ಹಿಂದಿನಿಂದ ತಳ್ಳಲು ಬೇರೆ ಎಂಜಿನ್‌ಗಳು ಸೇರುತ್ತವೆ. ಅಂಥ ಏರಿನ ನಾಡಿನಲ್ಲಿ ಇಷ್ಟು ದಿನ ಈ ಜೀಪನ್ನು ಬರೀ ಬೋರ್ ನೀರಿನಲ್ಲಿ ಓಡಿಸಿದೆನಲ್ಲ ಎಂದು ಸಂಕಟವಾಯಿತು. ನಾಳೆಯೇ ರೇಡಿಯೇಟರ್ ಬಿಚ್ಚಿ ತೊಳೆಸಿ, ಕೂಲಂಟ್ ಹಾಕಿಸುತ್ತೇನೆ.