ಹೆಪ್ಪು

ಉತ್ಸವ ರಾಕ್ ಗಾರ್ಡನ್‌ನಿಂದಾಗಿ ನಮ್ಮೂರು ಗೊಟಗೋಡಿಯ ಹೆಸರು ಈಗ ಹಲವರಿಗೆ ಗೊತ್ತು. ನಾನು ಹುಬ್ಬಳ್ಳಿಯ ಪ್ರಯೋಗಾಲಯವೊಂದರಲ್ಲಿ ಕೆಲಸಕ್ಕೆ ಸೇರಿದಾಗ ಅವ್ವ ಕೇಳಿದ್ದು ಒಂದೇ ಮಾತು: "ದಿನಾ ರಗತ ನೋಡಿ ನಿನಗ ಊಟ ಹೆಂಗ ಸೇರತೈತಿ?" ಊಟ ಸೇರುತ್ತಿತ್ತು. ಸೇರದಿದ್ದದ್ದು ಅಲ್ಲಿಯ ಅವಸರ.

ಮಳೆಗಾಲದಲ್ಲಿ ಡೆಂಗ್ಯೂ ಪರೀಕ್ಷೆಯದೇ ಕೆಲಸ. ಜ್ವರ ಬಂದು ಸುಮಾರು 5 ದಿನಗಳಾದ ಮೇಲೆ ರಕ್ತದಲ್ಲಿ ಕಾಣಿಸಿಕೊಳ್ಳುವ ಪ್ರತಿಕಾಯಗಳನ್ನು ಎಲೈಸಾ ವಿಧಾನದಲ್ಲಿ ಹುಡುಕುತ್ತೇವೆ. ರಕ್ತ ಹೆಪ್ಪುಗಟ್ಟಿದ ಮೇಲೆ ಸೆಂಟ್ರಿಫ್ಯೂಜ್ ಯಂತ್ರದಲ್ಲಿ ಗಿರ್ರನೆ ತಿರುಗಿಸಿದರೆ ಕೆಂಪು ಗಟ್ಟಿ ತಳಕ್ಕಿಳಿದು, ತಿಳಿ ಹಳದಿ ನೀರು ಮೇಲೆ ನಿಲ್ಲುತ್ತದೆ. ಅದೇ ಸೀರಂ. ಅದನ್ನು 96 ಗುಳಿಗಳ ತಟ್ಟೆಗೆ ಹಾಕಬೇಕು.

ನಾವು ಹೆಪ್ಪುಗಟ್ಟುವವರೆಗೆ ಕಾಯುತ್ತಿರಲಿಲ್ಲ. ನಳಿಕೆ ಬಂದದ್ದೇ ತಡ, ಯಂತ್ರಕ್ಕೆ ಹಾಕುವುದು. ಆಮೇಲೆ ಸೀರಂನಲ್ಲಿ ನೂಲಿನಂಥ ಎಳೆಗಳು ಬಿಟ್ಟುಕೊಂಡು ಪಿಪೆಟ್ ಕಟ್ಟಿಕೊಳ್ಳುತ್ತಿತ್ತು. ಎಳೆ ಗುಳಿಯಲ್ಲಿ ಅಂಟಿ ಕೂತರೆ ಇಲ್ಲದ ಬಣ್ಣವೂ ಬಂದೀತು. ಮತ್ತೆ ತಿರುಗಿಸು, ಮತ್ತೆ ಸೋಸು. ಸೀರಂ ಸಾಲದಿದ್ದರೆ ರೋಗಿಯನ್ನೇ ಮತ್ತೆ ಕರೆಸು.

ಹಾಗೆ ಕರೆಸಿದವರಲ್ಲಿ ಶಿಗ್ಗಾವಿ ಕಡೆಯ ಒಬ್ಬಳು, ಕಂಕುಳಲ್ಲಿ ಕೂಸು. "ಅಕ್ಕಾರ, ಎರಡ ದಿನದ ಕೂಲಿ ಹೋತ್ರಿ. ಮೊನ್ನೆ ತಗೊಂಡ ರಗತ ಏನ ಮಾಡಿದ್ರಿ?" ಎಂದಳು. ಚೆಲ್ಲಿದೆವು ಎನ್ನಲು ಬಾಯಿ ಬರಲಿಲ್ಲ. ಸೂಜಿ ಚುಚ್ಚಿದ ಹಳೆಯ ಜಾಗ ಇನ್ನೂ ಕಂದಿಕೊಂಡಿತ್ತು. ಇನ್ನೊಂದು ತೋಳು ಚಾಚಿದಳು.

ಆ ಭಾನುವಾರ ಊರಿನಲ್ಲಿ ಅವ್ವನ ಮುಂದೆ ಇದನ್ನೆಲ್ಲ ಹೇಳಿಕೊಂಡೆ. ಅವಳು ಉಗುರುಬೆಚ್ಚಗಿನ ಹಾಲಿಗೆ ಹೆಪ್ಪು ಹಾಕುತ್ತಿದ್ದಳು. "ಹೆಪ್ಪಾಗೂ ಮುಂದ ಗಡಿಗಿ ಅಲುಗಾಡಿಸಿದ್ರ ಮೊಸರು ಹೆಂಗ ಕೂಡತೈತಿ? ಅಷ್ಟೂ ತಿಳಿಯಂಗಿಲ್ಲೇನ ನಿಮಗ?" ಎಂದಳು. ಓದಿದ ಪುಸ್ತಕದಲ್ಲೂ ಅದೇ ಇತ್ತು, ಪರೀಕ್ಷೆಗೆ ಬರೆದು ಮರೆತಿದ್ದೆ!

ಸೋಮವಾರ ಹಿರಿಯರ ಕಾಲು ಹಿಡಿದಂತೆ ಕೇಳಿಕೊಂಡೆ, ಒಂದು ವಾರ ಬಿಟ್ಟುಕೊಡಿ ಎಂದು. ನಳಿಕೆ ಬಂದ ಹೊತ್ತನ್ನು ಅದರ ಮೇಲೆಯೇ ಬರೆದು, ಅರ್ಧ ತಾಸು ನೆಟ್ಟಗೆ, ಅಲುಗಾಡದಂತೆ ನಿಲ್ಲಿಸಿದೆವು. ರಕ್ತ ತೆಳುವಾಗುವ ಗುಳಿಗೆ ನುಂಗುವವರದಕ್ಕೆ ಇನ್ನೂ ಹೆಚ್ಚು ಹೊತ್ತು. ಆ ಅರ್ಧ ತಾಸು ಖಾಲಿ ಕೂರಲಿಲ್ಲ. ನಳಿಕೆಗೆ, ಸೀರಂ ತುಂಬುವ ಪುಟ್ಟ ಸೀಸೆಗೆ, ದಪ್ತರಕ್ಕೆ ಒಂದೇ ನಂಬರು ಹಾಕಿ ಒಬ್ಬರು ಓದುವುದು, ಇನ್ನೊಬ್ಬರು ನೋಡುವುದು. ಮೊದಲು ಈ ಕೆಲಸ ಕೊನೆಗೆ, ಕಣ್ಣು ಸೋತ ಮೇಲೆ ನಡೆಯುತ್ತಿತ್ತು. ಉಳಿದ ಸೀರಂ ಎರಡು ಸೀಸೆಗಳಲ್ಲಿ ಹಂಚಿ ಶೈತ್ಯಪೆಟ್ಟಿಗೆಗೆ. ಮತ್ತೆ ಬೇಕಾದರೆ ಒಂದನ್ನಷ್ಟೇ ಕರಗಿಸಿದರಾಯಿತು.

ಶನಿವಾರ ದೀಪ ಹಚ್ಚುವ ಮೊದಲೇ ತಟ್ಟೆ ತೊಳೆದಾಗಿತ್ತು. ಆ ವಾರ ಯಾರನ್ನೂ ಮತ್ತೆ ಕರೆಸಲಿಲ್ಲ. ಹಿರಿಯರು ಏನೂ ಅನ್ನಲಿಲ್ಲ. ಮುಂದಿನ ಸೋಮವಾರ ತಾವೇ ಒಂದು ನಳಿಕೆಯ ಮೇಲೆ ಹೊತ್ತು ಬರೆಯುತ್ತಿದ್ದುದನ್ನು ಕಂಡೆ.

ಅವ್ವನಿಗೆ ಹೇಳಿದರೆ, "ಹಂಗಾರ ನಿನ್ನ ಪಗಾರದಾಗ ನಂದೂ ಪಾಲೈತಿ" ಎಂದು ಗಡಿಗೆ ಮುಚ್ಚಿದಳು.